ಮಕ್ಕಳದೇ ಆಕಾಶವಾಣಿ

ಶಾಲೆಯಲ್ಲಿ ಮೌನಿಗಳೆನಿಸಿಕೊಂಡ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಮಹಾ ಮಾತುಗಾರರು. ಜೋಯಿಡಾದಿಂದ ಅಣಶಿ ಘಟ್ಟದ ಕಡೆಗೆ ಸಾಗುವ ದಾರಿಯ ಕುಂಬಾರವಾಡದಂತಹ ಊರುಗಳಲ್ಲಿ ಇದರ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಇಲ್ಲಿನ ಕುಣಬಿ ಮನೆಗಳ ನುಡಿ ಕೊಂಕಣಿ. ಶಾಲೆಯ ಪಾಠದ ನುಡಿ ಕನ್ನಡ. ತಪ್ಪಿದರೆ ನಕ್ಕಾರೆಂಬ ಅಂಜಿಕೆಯಿಂದ ಮಗು ಬಾಯಿ ಬಿಗಿಹಿಡಿಯುತ್ತದೆ. ಮೊದಲ ಎರಡು ಮೂರು ವರ್ಷ ಹೀಗೆಯೇ ಕಳೆದರೆ ಅದು ಹಿಂದೆ ಬೀಳುವುದು ಕನ್ನಡದಲ್ಲಿ ಮಾತ್ರವಲ್ಲ, ಲೆಕ್ಕದಲ್ಲಿಯೂ ಹೌದು.

ಇಂತಹ ತರಗತಿಗೆ ಒದಗಬಲ್ಲ ಸಾಧನ ‘ಪಾಡ್‌ಕಾಸ್ಟ್’. ೨೦೦೪ರಲ್ಲಿ ಹುಟ್ಟಿದ ಈ ಹೆಸರು ಹೊಸದಾದರೂ ಸಂಗತಿ ಸರಳ: ಧ್ವನಿ ಮುದ್ರಿಸಿಟ್ಟು, ಬೇಕಾದಾಗ ಕೇಳುವ ಕಾರ್ಯಕ್ರಮ. ಇಂತಹ ಸಾಹಸ ಕನ್ನಡ ನಾಡಿಗೆ ಅಪರಿಚಿತವಲ್ಲ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಬಹುಕಾಲದ ಬಳಿಕ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’ಯಂತಹ ಕಾರ್ಯಕ್ರಮಗಳು ಬಾನುಲಿಯ ಪಾಠವನ್ನು ರಾಜ್ಯದ ಪ್ರಾಥಮಿಕ ಶಾಲೆಗಳಿಗೆ ತಂದವು. ಅಲ್ಲಿ ಮಕ್ಕಳು ಕೇಳುಗರು. ಪಾಡ್‌ಕಾಸ್ಟಿನಲ್ಲಿಯಾದರೋ ಹೇಳುವವರೂ ಅವರೇ ಆಗಬಲ್ಲರು.

ಉದಾಹರಣೆಗೆ, ಜೋಯಿಡಾದ ಕುಣಬಿಗಳು ಬಗೆಬಗೆಯ ಗೆಡ್ಡೆಗೆಣಸು ಬೆಳೆಯುವುದರಲ್ಲಿ ಹೆಸರಾದವರು. ಯಾವ ಗೆಡ್ಡೆಯನ್ನು ಯಾವಾಗ ನೆಡಬೇಕು, ಬೀಜದ ಗೆಡ್ಡೆಯನ್ನು ಹೇಗೆ ಕಾಯ್ದಿಡಬೇಕು ಎಂದು ನಾಲ್ಕೈದು ಮಕ್ಕಳು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಅಜ್ಜಿಯನ್ನು ಕೇಳಲಿ. ಆಕೆ ಕೊಂಕಣಿಯಲ್ಲಿ ಹೇಳಿದುದನ್ನು ಕನ್ನಡಕ್ಕೆ ತಂದು, ಮೂರು ನಿಮಿಷಕ್ಕೆ ಇಳಿಸಿ, ಶಿಕ್ಷಕರ ಮೊಬೈಲಿನಲ್ಲಿ ಮುದ್ರಿಸಲಿ. ಮುದ್ರಿಸುವುದಕ್ಕಾಗಲಿ ತರಗತಿಯಲ್ಲಿ ಕೇಳಿಸುವುದಕ್ಕಾಗಲಿ ಅಂತರ್ಜಾಲ ಬೇಕಿಲ್ಲ. ಕಾಡಿನ ನಡುವಣ ಊರಿಗೆ ಇದು ಸಣ್ಣ ಅನುಕೂಲವಲ್ಲ.

ತರಗತಿಯಲ್ಲಿ ಎದ್ದು ನಿಂತು ತಡವರಿಸಿದ ಮಾತನ್ನು ಹಿಂದಕ್ಕೆ ಪಡೆಯಲಾಗದು. ಮುದ್ರಿಸಿದ ಮಾತನ್ನಾದರೋ ಮಗು ತಾನೇ ಕೇಳಿ, ತಪ್ಪನ್ನು ತಾನೇ ಹಿಡಿದು, ಅಳಿಸಿ, ಮತ್ತೆ ಹೇಳಬಹುದು. ಐದು ಬಾರಿ ಹೇಳಿದರೂ ಕೇಳುವವರಿಗೆ ಮುಟ್ಟುವುದು ಕೊನೆಯದೊಂದೇ. ಇಲ್ಲಿ ಶಿಕ್ಷಕರಿಗೆ ಸಂಯಮ ಬೇಕು. ಅವರೇ ಬರೆದುಕೊಟ್ಟುದನ್ನು ಮಗು ಬಾಯಿಪಾಠ ಒಪ್ಪಿಸುವಂತಾದರೆ, ಅಥವಾ ಮಾತಿನ ಚತುರರಿಗೇ ಪ್ರತಿ ಬಾರಿಯೂ ಅವಕಾಶ ಸಂದರೆ, ಮಾಡಿದ ಶ್ರಮ ವ್ಯರ್ಥ.

ಮುದ್ರಿಸಿದುದೆಲ್ಲವನ್ನೂ ಲೋಕಕ್ಕೆ ಬಿತ್ತರಿಸಬೇಕೆಂದೇನೂ ಇಲ್ಲ. ಪಾಲಕರ ಒಪ್ಪಿಗೆಯಿಲ್ಲದೆ ಮಗುವಿನ ಹೆಸರಾಗಲಿ ದನಿಯಾಗಲಿ ಶಾಲೆಯ ಹೊರಗೆ ಹೋಗಲಾಗದು. ಅಜ್ಜಿಯ ಅಂಗಳದಲ್ಲಿ ಕೇಳಿಸಿದರೆ ಸಾಕು. ಓದು ಬಾರದ ಹಿರಿಯರಿಗೆ ಮಗುವಿನ ಪುಸ್ತಕವನ್ನು ತೆರೆದು ತೋರಿಸಿದರೂ ಪ್ರಯೋಜನವಿಲ್ಲ. ದನಿಯಾದರೆ ಗುರುತು ಹತ್ತೀತು. ತನ್ನ ಮನೆಯ ತಿಳಿವಿಗೂ ಪಾಠದಲ್ಲಿ ಎಡೆಯುಂಟೆಂದು ಕಂಡ ಮೊಮ್ಮಗಳು, ನಾಳೆ ಲೆಕ್ಕದ ತರಗತಿಯಲ್ಲಿ ತಿಳಿಯದುದನ್ನು ಕೇಳಲು ಕೈಯೆತ್ತಿಯಾಳು.