ಮೇಷ್ಟ್ರು ಹೋದಮೇಲೆ ಬಂದ ಲಕೋಟೆ

ಸಾವಿನ ಮಾತೆತ್ತಿದರೆ "ಬಿಡ್ತು ಅನ್ನಿ" ಎನ್ನುವವರು ನಾವು. ಆದರೂ ಈ ಸಂಚಿಕೆಯಲ್ಲಿ ಆ ಮಾತನ್ನೇ ಎತ್ತಬೇಕಾಗಿದೆ. ಇಲ್ಲಿ ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳುವವರು, ಕಚೇರಿಯಲ್ಲಿ ದುಡಿಯುವವರು ನಮ್ಮ ಸಂಘದಲ್ಲೂ ಇದ್ದಾರೆ. ಅಂಥ ಒಬ್ಬ ಗಣಿತದ ಮೇಷ್ಟ್ರು ಹಠಾತ್ತನೆ ತೀರಿಕೊಂಡಾಗ ನಾವೆಲ್ಲ ಸರದಿಯ ಮೇಲೆ ಅನ್ನ ಸಾರು ಕಳಿಸಿದೆವು. ಮೇಜಿನ ಮೇಲೆ ಸಂತಾಪ ಪತ್ರಗಳ ನಡುವೆ ಬಿದ್ದಿದ್ದ ವಿಮೆಯ ಲಕೋಟೆಯನ್ನು ಮಾತ್ರ ಯಾರೂ ಒಡೆಯಲಿಲ್ಲ. ಅದು ಕಣ್ಣಿಗೆ ಬಿದ್ದಾಗ ಗಡುವಿಗೆ ಉಳಿದಿದ್ದುದು ನಾಲ್ಕೇ ದಿನ.

ಒಳಗಿದ್ದುದು 'ಕೋಬ್ರಾ' ಕಾನೂನಿನ ತಿಳಿವಳಿಕೆ ಪತ್ರ. (ಹೆಸರಿಗೆ ಹೆದರಬೇಡಿ, ಕಚ್ಚುವುದು ಕಂತು ಮಾತ್ರ.) 1986ರಲ್ಲಿ ಸಹಿಯಾದ ಈ ಕಾನೂನು, 20 ಅಥವಾ ಹೆಚ್ಚು ನೌಕರರಿರುವ ಶಾಲಾ ಜಿಲ್ಲೆಗಳಿಗೂ ಅನ್ವಯಿಸುತ್ತದೆ. ನೌಕರರು ತೀರಿಕೊಂಡರೆ, ಅವರ ವಿಮೆಯಲ್ಲಿ ಸೇರಿದ್ದ ಪತಿ ಅಥವಾ ಪತ್ನಿ ಮತ್ತು ಮಕ್ಕಳು ಅದೇ ವಿಮೆಯನ್ನು 36 ತಿಂಗಳವರೆಗೆ ಮುಂದುವರಿಸಬಹುದು. ಬೇಕೆಂದು ತಿಳಿಸಲು 60 ದಿನ. ಆಮೇಲೆ ಮೊದಲ ಕಂತಿಗೆ 45 ದಿನ. ಮಾರ್ಕೆಟ್‌ಪ್ಲೇಸ್‌ನ ವಿಮೆಗೆ ಸೇರಲೂ, ಹಳೆಯ ವಿಮೆ ತಪ್ಪಿದಮೇಲೆ 60 ದಿನವೇ. ಎರಡರ ಬೆಲೆಯನ್ನೂ ನೋಡಿಯೇ ಸಹಿ ಹಾಕಬೇಕು. ಹದಿಮೂರನೆಯ ದಿನದ ಕಾರ್ಯ, ಊರಿನ ಪ್ರಯಾಣ, ಮಾಸಿಕ ಎನ್ನುವಷ್ಟರಲ್ಲಿ ಅರವತ್ತು ದಿನ ಕಳೆಯುವುದು ಗೊತ್ತೇ ಆಗುವುದಿಲ್ಲ.

ನಮ್ಮ ತಕರಾರು ಗಡುವಿಗಿಂತ ಹಣದ ಮೇಲೆ. ಕಂತು ನೂರಕ್ಕೆ 102ರವರೆಗೆ ಇರಬಹುದು: ಶಾಲೆ ಕಟ್ಟುತ್ತಿದ್ದ ಪಾಲೂ ಮನೆಯವರ ತಲೆಗೆ, ಮೇಲೆ ಎರಡು ಕಚೇರಿ ಖರ್ಚಿಗೆ. ಸಂಬಳ ನಿಂತ ಹೊತ್ತಿನಲ್ಲೇ ಕಂತು ಏರುವುದು ಯಾವ ನ್ಯಾಯ? ಮನೆಯ ಒಬ್ಬೊಬ್ಬರೂ ಬೇರೆಬೇರೆಯಾಗಿ ವಿಮೆ ಉಳಿಸಿಕೊಳ್ಳಬಹುದೆಂಬ ಅನುಕೂಲವಿದೆ. ಆ ತಾಯಿ ಅದನ್ನು ಬಳಸಿಕೊಂಡದ್ದು ಹೀಗೆ: ಮಕ್ಕಳಿಬ್ಬರ ಹೆಸರು ಬರೆದು, ತಮ್ಮದನ್ನು ಬಿಟ್ಟರು. ಸಕ್ಕರೆ ಕಾಯಿಲೆ ಇರುವುದು ಅವರಿಗೆ.

ಕನಿಷ್ಠ ಒಂದು ವರ್ಷ ಶಾಲಾ ಜಿಲ್ಲೆ ತನ್ನ ಪಾಲನ್ನು ನಿಲ್ಲಿಸಬಾರದು ಎಂಬುದು ನಮ್ಮ ಅಭಿಪ್ರಾಯ. ಕಾನೂನು ಇದಕ್ಕೆ ಅಡ್ಡಿಯಿಲ್ಲ. ಶಿಕ್ಷಕರ ಸಂಘದ ಒಪ್ಪಂದದಲ್ಲಿ ಒಂದು ಸಾಲು ಸೇರಿದರೆ ಸಾಕು. ಮಕ್ಕಳ ಬಸ್ಸು ತಡವಾದರೆ ಶಾಲಾ ಮಂಡಳಿಯ ಸಭೆಗೆ ಓಡುವ ನಾವು ಇದನ್ನು ಇದುವರೆಗೆ ಕೇಳಿಲ್ಲ. ಮುಂದಿನ ಒಪ್ಪಂದದ ಮಾತುಕತೆಗೆ ಮೊದಲು, ಶಾಲೆಗಳಲ್ಲಿ ಕೆಲಸ ಮಾಡುವ ಸದಸ್ಯರು ತಮ್ಮಲ್ಲಿ ಏನಿದೆ ಎಂದು ನೋಡಿ ನಮಗೆ ಬರೆಯಿರಿ. ಸಾವಾದ ಮನೆಗೆ ಅಡಿಗೆ ಒಯ್ಯುವವರು ಟಪಾಲನ್ನೂ ಒಮ್ಮೆ ಕೇಳಿ ನೋಡಿ.