ಗಗನನೌಕೆಯಲ್ಲಿ ಬೀಜ ಬಲ್ಲವರಿಗೂ ಒಂದು ಸೀಟು

2025ರ ಜುಲೈನಲ್ಲಿ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೆಂತ್ಯ, ಹೆಸರುಕಾಳು ಮೊಳೆಯಿಸಿ ಫ್ರೀಜರಿನಲ್ಲಿಟ್ಟರು. ಆ ಪ್ರಯೋಗ ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ. ಅದೇ ವಿಶ್ವವಿದ್ಯಾಲಯದ ಕಾಲೇಜೊಂದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಬಳಿಯ ಹನುಮನಮಟ್ಟಿಯಲ್ಲಿದೆ. ಪ್ರಯೋಗ ನಮ್ಮ ಭಾಗದ್ದು, ಕೈ ಮಾತ್ರ ವಾಯುಪಡೆಯದು. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋದ ಗಗನಯಾನಕ್ಕೆ ಮೊದಲು ಆಯ್ಕೆಯಾದ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳೇ. ಹಾವೇರಿಯ ಹುಡುಗ ಆ ಪಟ್ಟಿ ಸೇರಬೇಕೆಂದರೆ ಪಿಯುಸಿ ವಿಜ್ಞಾನ, ಎನ್‌ಡಿಎ, ಯುದ್ಧವಿಮಾನ, ಬೆಂಗಳೂರಿನ ಟೆಸ್ಟ್ ಪೈಲಟ್ ಶಾಲೆ ಎಂದು ಜರಡಿಯ ಮೇಲೆ ಜರಡಿ ದಾಟಬೇಕು. ಹುಡುಗಿಗಂತೂ ಯುದ್ಧವಿಮಾನದ ಬಾಗಿಲು ತೆರೆದದ್ದೇ 2016ರಲ್ಲಿ.

ಮೊದಲ ಹಾರಾಟಕ್ಕೆ ಟೆಸ್ಟ್ ಪೈಲಟ್‌ಗಳೇ ಬೇಕೆಂಬುದರಲ್ಲಿ ತಕರಾರಿಲ್ಲ. ಇನ್ನೂ ಮನುಷ್ಯರನ್ನು ಹೊತ್ತು ಹಾರಿರದ ಹೊಸ ನೌಕೆಯಲ್ಲಿ ಏನಾದರೂ ಕೆಟ್ಟರೆ, ಕೆಡುವ ಯಂತ್ರಗಳನ್ನೇ ಹಾರಿಸಿ ಪಳಗಿದವರು ಇರಬೇಕು. ಅಮೆರಿಕವೂ 1959ರಲ್ಲಿ ಏಳು ಮಂದಿ ಮಿಲಿಟರಿ ಟೆಸ್ಟ್ ಪೈಲಟ್‌ಗಳನ್ನೇ ಆರಿಸಿತ್ತು. ಆದರೆ 1965ರ ಹೊತ್ತಿಗೆ ವಿಜ್ಞಾನಿಗಳನ್ನೂ ತೆಗೆದುಕೊಂಡಿತು. ಹೇಳಿಕೊಟ್ಟರೆ ಪೈಲಟ್ಟೇ ಪ್ರಯೋಗ ಮಾಡುತ್ತಾನಲ್ಲ, ಶುಕ್ಲಾ ಮಾಡಲಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿದರು, ಅಚ್ಚುಕಟ್ಟಾಗಿಯೇ. ಆದರೆ ಬರೆದುಕೊಟ್ಟದ್ದನ್ನು ಮಾಡುವುದು ಬೇರೆ, ಯಾರೂ ಬರೆದಿರದ್ದನ್ನು ಕಾಣುವುದು ಬೇರೆ. 1972ರ ಡಿಸೆಂಬರಿನಲ್ಲಿ ಚಂದ್ರನ ಮೇಲೆ ಕಿತ್ತಳೆ ಬಣ್ಣದ ಮಣ್ಣು ಕಂಡದ್ದು ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಕಣ್ಣಿಗೆ. ನಮ್ಮಲ್ಲೇ ನೋಡಿ: ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಂಗಸರು ಚಿಮಟದಿಂದ ಮೊಗ್ಗು ಬಿಡಿಸಿ, ಕೇಸರ ಕಿತ್ತು, ಪರಾಗ ಮುಟ್ಟಿಸುತ್ತಾರೆ, ಯಾವ ಮೊಗ್ಗು ಹದಕ್ಕೆ ಬಂದಿದೆಯೆಂದು ಪುಸ್ತಕ ನೋಡಿ ತಿಳಿಯುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ಗುರುತಿಸುವ ಕಣ್ಣೂ ಹಾಗೆಯೇ, ವರ್ಷಗಟ್ಟಲೆ ನೋಡಿ ಬಂದದ್ದು.

ಸೀಟುಗಳೇ ಕಡಿಮೆ ಎಂಬ ಮಾತಿನಲ್ಲಿ ಹುರುಳಿದೆ. ಗಗನಯಾನ ನೌಕೆ ಒಯ್ಯುವುದು ಮೂವರನ್ನಷ್ಟೇ. ಹಾಗಾಗಿಯೇ, ನೌಕೆ ಪಳಗಿದ ಮೇಲೆ, ಇಬ್ಬರು ಪೈಲಟ್‌ಗಳ ಜೊತೆ ಒಬ್ಬ ವಿಜ್ಞಾನಿಗೆ ಜಾಗವಿಡಿ ಎನ್ನುವುದು ದುಬಾರಿ ಬೇಡಿಕೆಯಲ್ಲ. ಆದರೆ ಅರ್ಹತೆ, ದೇಹದಾರ್ಢ್ಯದ ಮಟ್ಟ, ವಯಸ್ಸಿನ ಮಿತಿಗಳನ್ನು ಇಸ್ರೋ ಬಹಳ ಮೊದಲೇ ಪ್ರಕಟಿಸಬೇಕು. ಪಳಗಿದ ಪೈಲಟ್‌ಗಳಿಗೇ ರಷ್ಯಾದಲ್ಲಿ 2020ರ ಫೆಬ್ರುವರಿಯಿಂದ ವರ್ಷಕ್ಕೂ ಹೆಚ್ಚು ತರಬೇತಿ ಬೇಕಾಯಿತು. ಹನುಮನಮಟ್ಟಿಯಲ್ಲಿ ಇಂದು ಬಿಎಸ್ಸಿ ಓದುವ ಹುಡುಗಿ ಎಂಎಸ್ಸಿ, ಪಿಎಚ್‌ಡಿ ಮುಗಿಸುವಷ್ಟರಲ್ಲಿ ವಯಸ್ಸು ಮೀರಿತೆಂಬ ಉತ್ತರ ಬಂದರೆ ಬಾಗಿಲು ತೆರೆದೂ ಪ್ರಯೋಜನವಿಲ್ಲ.