ಮೊದಲು ಸೂತ್ರ, ಆಮೇಲೆ ಪೇಚು

ಸಂಕ್ರಾಂತಿ ಹತ್ತಿರ ಬಂತೆಂದರೆ ಮುಂಬಯಿಯ ಗಚ್ಚಿಗಳ ಮೇಲೆ ಒಂದೇ ಪ್ರಶ್ನೆ: "ಮಾಂಜಾ ಯಾವುದು?" ಪಟ ಯಾಕೆ ಹಾರುತ್ತದೆ, ಯಾಕೆ ಗಿರಕಿ ಹೊಡೆಯುತ್ತದೆ ಅಂತ ಕೇಳುವವರಿಲ್ಲ. ಹಾರಿಸಲು ಬಾರದವನ ಕೈಗೆ ಹರಿತವಾದ ದಾರ ಕೊಡುವುದೂ ಒಂದೇ, ಜಮಾ-ಖರ್ಚು ಬರೆಯಲು ಬಾರದವನ ಕೈಗೆ ತಿಜೋರಿಯ ಬೀಗದಕೈ ಕೊಡುವುದೂ ಒಂದೇ. ಈ ಸಲ ನಮ್ಮ ಬಳಗದವರು ಸಾದಾ ನೂಲಿನ ದಾರದಿಂದಲೇ ಗಾಳಿಪಟ ಹಾರಿಸಬೇಕು ಎಂಬುದು ನನ್ನ ವಾದ.

ನಾನು ಕಾಮರ್ಸಿನವನು. ಆದರೆ ಕನ್ನಡ ಶಾಲೆಯಲ್ಲಿ ಓದಿದ ವಿಜ್ಞಾನ ಇನ್ನೂ ಪೂರ್ತಿ ಮರೆತಿಲ್ಲ. ಪಟ ಗಾಳಿಗೆ ಓರೆಯಾಗಿ ನಿಲ್ಲುತ್ತದೆ. ಎದುರು ಬಂದ ಗಾಳಿ ಅದಕ್ಕೆ ತಾಗಿ ಕೆಳಮುಖವಾಗಿ ತಿರುಗುತ್ತದೆ. ಪಟ ಗಾಳಿಯನ್ನು ಕೆಳಕ್ಕೆ ತಳ್ಳಿದಷ್ಟೂ ಗಾಳಿ ಪಟವನ್ನು ಮೇಲಕ್ಕೆ ತಳ್ಳುತ್ತದೆ. ಇದು ಜಮಾ. ಪಟದ ತೂಕ, ಅದನ್ನು ಹಿಂದಕ್ಕೆ ನೂಕುವ ಗಾಳಿಯ ಬಲ, ಇವೆರಡೂ ಖರ್ಚು. ಹಿಂದಕ್ಕೆ ಹೋಗದಂತೆ ತಡೆದು ಹಿಡಿಯುವುದು ದಾರ. ದಾರ ಹರಿದರೆ ಪಟ ಗಾಳಿಯ ಜೊತೆಗೇ ಸಾಗುತ್ತದೆ. ಆಗ ಅದಕ್ಕೆ ಎದುರುಗಾಳಿಯೇ ಇಲ್ಲ, ಕೆಳಗೆ ಬೀಳುತ್ತದೆ. ದಾರವೆಂದರೆ ಬಂಧನ ಅಂತ ಕವಿತೆ ಬರೆಯುವ ಮಿತ್ರರು ದಯವಿಟ್ಟು ಇದನ್ನು ಗಮನಿಸಬೇಕು!

ಆ ಓರೆ ಎಷ್ಟಿರಬೇಕೆಂದು ನಿಶ್ಚಯಿಸುವುದು ಸೂತ್ರ. ಗೊತ್ತುಗುರಿ ಇಲ್ಲದೆ ಅಲೆಯುವವನನ್ನು 'ಸೂತ್ರವಿಲ್ಲದ ಗಾಳಿಪಟ' ಎಂದು ಬೈಯುತ್ತಾರಲ್ಲ, ಅದೇ ಸೂತ್ರ. ನಡುಗಡ್ಡಿಯೂ ಬಿಲ್ಲಿನಂತೆ ಬಾಗಿದ ಕಡ್ಡಿಯೂ ಕೂಡುವಲ್ಲಿ ಒಂದು ಎಳೆ. ನಡುಗಡ್ಡಿಯ ಕೆಳತುದಿಯಿಂದ ಮೂರರಲ್ಲೊಂದು ಪಾಲು ಮೇಲೆ ಇನ್ನೊಂದು ಎಳೆ. ಎರಡನ್ನೂ ಸೇರಿಸಿ ಗಂಟು ಹಾಕುವಾಗ ಕೆಳಗಿನ ಎಳೆ ಅರ್ಧ ಇಂಚು ಉದ್ದವಿರಲಿ. ಗಾಳಿ ಜೋರಿದ್ದರೆ ಗಂಟನ್ನು ತುಸು ಮೇಲಕ್ಕೆ ಸರಿಸಬೇಕು, ಓರೆ ಕಡಿಮೆಯಾಗಿ ಎಳೆತ ತಗ್ಗುತ್ತದೆ. ಗಂಟು ತೀರ ಕೆಳಗಿದ್ದರೆ ಪಟ ಗಾಳಿಗೆ ಎದೆಯೊಡ್ಡಿ ಜಗ್ಗುತ್ತದೆಯೇ ಹೊರತು ಏರುವುದಿಲ್ಲ.

ಹಾರಿಸಲು ಓಡಬೇಕಾಗಿಲ್ಲ. ಮುಂಬಯಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ. ಕಡಲಿಗೆ ಬೆನ್ನು ಮಾಡಿ ನಿಲ್ಲಿ. ಗೆಳೆಯನೊಬ್ಬ ಪಟ ಹಿಡಿದು ಇಪ್ಪತ್ತು ಹೆಜ್ಜೆ ಮುಂದೆ ನಿಲ್ಲಲಿ. ಗಾಳಿ ಬೀಸಿದಾಗ ಅವನು ಬಿಡಬೇಕು, ನೀವು ಎಳೆಯಬೇಕು, ಅಷ್ಟೇ. ಎತ್ತರದ ಕಟ್ಟಡದ ಮರೆಯಲ್ಲಿ ಗಾಳಿ ಸುಳಿಯಾಗುತ್ತದೆ, ಅಲ್ಲಿ ಬೇಡ. ಇಲ್ಲಿನ ಪಟಕ್ಕೆ ಬಾಲಂಗೋಚಿ ಇರುವುದಿಲ್ಲ. ದಾರ ಬಿಗಿಯಿದ್ದಾಗ ಬಿಲ್ಲುಗಡ್ಡಿ ಹಿಂದಕ್ಕೆ ಬಾಗಿ, ಪಟ ಮೂಗು ತೋರಿದ ಕಡೆಗೆ ಹೋಗುತ್ತದೆ. ಸಡಿಲ ಬಿಟ್ಟರೆ ಚಪ್ಪಟೆಯಾಗಿ ತಿರುಗುತ್ತದೆ. ಬೇಕಾದ ಕಡೆ ಮೂಗು ತಿರುಗಿದಾಗ ಎಳೆಯಿರಿ. ಇಡೀ ವಿದ್ಯೆ ಇಷ್ಟರಲ್ಲಿದೆ, ಆದರೆ ಕೈಗೆ ಹತ್ತಲು ಹಲವು ದಿನ ಬೇಕು.

"ಎಲ್ಲಾ ಸರಿ ಮಾರಾಯಾ, ಪೇಚೇ ಇಲ್ಲದಿದ್ದರೆ ಮಜಾ ಏನು?" ಎಂದು ನೀವು ಕೇಳಬಹುದು. ಪೇಚಿನ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರುವುದು ನೈಲಾನ್ ಮಾಂಜಾದ ಮೇಲೆ. ಸಾದಾ ನೂಲು ಬಿಗಿದರೆ ಹರಿಯುತ್ತದೆ. ನೈಲಾನ್ ಹಿಗ್ಗುತ್ತದೆ, ಹರಿಯುವುದಿಲ್ಲ. ರಸ್ತೆಗೆ ಅಡ್ಡ ಇಳಿಬಿದ್ದರೆ ಸ್ಕೂಟರಿನವನ ಕೊರಳು ಕೊಯ್ಯುತ್ತದೆ. ಹಬ್ಬ ಮುಗಿದ ಮೇಲೂ ಮರದಲ್ಲಿ ಕೊಳೆಯದೆ ನೇತಾಡಿ ಹಕ್ಕಿಗಳ ರೆಕ್ಕೆ ಹಿಡಿಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈಯಲ್ಲೇ ದೇಶಾದ್ಯಂತ ಇದನ್ನು ನಿಷೇಧಿಸಿತು. ಆದರೂ ಕದ್ದು ಮಾರುವವರಿದ್ದಾರೆ. ಯಾಕೆಂದರೆ ಕೊಳ್ಳುವವರು ಇದ್ದಾರೆ, ಮತ್ತು ಕೊಳ್ಳುವವರಲ್ಲಿ ನಮ್ಮಂಥ ಕಾಲೇಜು ಹುಡುಗರೇ ಹೆಚ್ಚು ಎಂದರೆ ಯಾರೂ ಬೇಸರಿಸಬಾರದು. ಕೈಯಲ್ಲಿ ವಿದ್ಯೆ ಇಲ್ಲದವನಿಗೇ ದಾರದ ಹರಿತ ಬೇಕು.

ಪಟದ ಮಜಾ ಕಡಿಯುವುದರಲ್ಲಿ ಮಾತ್ರ ಇದೆ ಎನ್ನುವುದೂ ಸುಳ್ಳು. ಕರ್ನಾಟಕದ ಬಯಲುಸೀಮೆಯಲ್ಲಿ ಪಟ ಹಾರಿಸುವುದು ಆಷಾಢದ ಗಾಳಿಗೆ. ದೊಡ್ಡಬಳ್ಳಾಪುರದ ಗಾಳಿಪಟ ಸ್ಪರ್ಧೆ ಹೆಸರಾದದ್ದು. (ಆ ತಿಂಗಳು ನಮಗಿಲ್ಲಿ ಧೋ ಅಂತ ಮಳೆ, ಕಾಗದದ ಪಟದ ಮಾತೇ ಇಲ್ಲ.) ರೈಟ್ ಸಹೋದರರು 1899ರಲ್ಲಿ ರೆಕ್ಕೆ ತಿರುಚುವ ತಮ್ಮ ಉಪಾಯವನ್ನು ಪರೀಕ್ಷಿಸಿದ್ದು ಐದಡಿಯ ಗಾಳಿಪಟದ ಮೇಲೆ. 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಆಚೆಯ ಸಂಕೇತ ಹಿಡಿಯಲು ಮಾರ್ಕೋನಿ ತಂತಿಯನ್ನು ಮೇಲಕ್ಕೇರಿಸಿದ್ದು ಗಾಳಿಪಟದಿಂದ. ಇವರ್ಯಾರೂ ಪಕ್ಕದ ಮನೆಯವನ ಪಟ ಕಡಿಯಲು ಹೋಗಿರಲಿಲ್ಲ!

ಆದ್ದರಿಂದ ಗೆಳೆಯರೇ, ಜನವರಿ 14ಕ್ಕೆ ಮೊದಲೇ ಒಂದು ಭಾನುವಾರ ಸೇರೋಣ. ಬಲ್ಲವರು ಬಾರದವರಿಗೆ ಸೂತ್ರ ಕಟ್ಟುವುದನ್ನು ಕಲಿಸಲಿ. ಕಟಕಟೆ ಇಲ್ಲದ ಗಚ್ಚಿ ಬೇಡ, ವಿದ್ಯುತ್ ತಂತಿಯ ಹತ್ತಿರ ಬೇಡವೇ ಬೇಡ. ರೈಲಿನ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ. ಅದರಲ್ಲಿ ಸಿಕ್ಕಿದ ಪಟವನ್ನು ಲೆಕ್ಕದ ಪುಸ್ತಕದಿಂದಲೇ ಹೊಡೆದುಹಾಕಿ. ಮಾಂಜಾಕ್ಕೆ ಇಟ್ಟ ದುಡ್ಡಿನಲ್ಲಿ ಇನ್ನಷ್ಟು ಪಟ ಕೊಂಡರಾಯಿತು. ಯಾರಾದರೂ ನಮ್ಮ ಪಟ ಕಡಿದರೆ ಕಡಿಯಲಿ, ಇನ್ನೊಂದಕ್ಕೆ ಸೂತ್ರ ಕಟ್ಟಲು ನಮಗೆ ಬರುತ್ತದೆ.